ಹಳದಿ ಚುಕ್ಕೆಗಳ ಸಿಟ್‌ಔಟ್

ಸ್ಕೇಲ್ ಸಾಹೇಬರ ಹನ್ನೊಂದನೇ ದಿನದ ಊಟಕ್ಕೆ ಹೋಗಿದ್ದೆ. ಎದುರು ಮನೆ, ಹೋಗದೆ ಇರಲು ಆಗುವುದಿಲ್ಲ. ಎಲೆ ಎತ್ತುವ ಹೊತ್ತಿಗೆ ಅವರ ತಮ್ಮನ ಮಗ, ಕುಣಿಗಲ್‌ನವನು, ನನ್ನ ಪಕ್ಕಕ್ಕೆ ಬಂದು ಕೂತ. "ಟೀಚರ್, ದೊಡ್ಡಪ್ಪನ ನೆನಪಿಗೆ ಒಂದು ಸಣ್ಣ ಪುಸ್ತಕ ಮಾಡ್ಸೋಣ ಅಂತಿದೀವಿ. ನೀವು ಕನ್ನಡ ಟೀಚರ್ರು, ಇಷ್ಟು ವರ್ಷ ಎದುರುಗಡೆ ಇದ್ದೋರು. ಎರಡು ಪುಟ ಬರ್ಕೊಡಿ. ಅವರ ಶಿಸ್ತಿನ ಬಗ್ಗೆ ಬರೀರಿ, ಸಾಕು" ಅಂದ.

ಬರೆದುಕೊಡುತ್ತೇನಪ್ಪ ಎಂದೆ. ಬರೆಯುತ್ತಿದ್ದೇನೆ. ಇದನ್ನು ಅವನು ಅಚ್ಚು ಹಾಕಿಸುವುದಿಲ್ಲ ಎನ್ನುವುದು ನನಗೆ ಗೊತ್ತು. ಆದರೆ ಶಿಸ್ತು ಎನ್ನುವ ಮಾತನ್ನು ಆವತ್ತು ಆ ಮನೆಯಲ್ಲಿ ಹತ್ತು ಬಾಯಲ್ಲಿ ಕೇಳಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಾಹೇಬರು ಸರ್ಕಾರಿ ಇಲಾಖೆಯೊಂದರಲ್ಲಿ ಕಟ್ಟಡದ ನಕ್ಷೆ ಬರೆಯುವ ಕೆಲಸದಲ್ಲಿದ್ದು ರಿಟೈರ್ ಆದವರು. ಷರಟಿನ ಜೇಬಿನಲ್ಲಿ ಪೆನ್ನಿನ ಪಕ್ಕದಲ್ಲೇ ಆರಿಂಚಿನ ಒಂದು ಸ್ಟೀಲ್ ಸ್ಕೇಲು ಇರುತ್ತಿತ್ತು. ಉಪ್ಪಾರಹಳ್ಳಿಯ ನಮ್ಮ ಬೀದಿಯವರು ಇಟ್ಟ ಹೆಸರು ಅದರಿಂದ ಬಂದದ್ದು. ತರಕಾರಿ ಗಾಡಿಯ ಮುಂದೆ ನಿಂತು ನುಗ್ಗೇಕಾಯಿಯನ್ನು ಸ್ಕೇಲಿನಲ್ಲಿ ಅಳೆದು ಆರಿಸಿಕೊಂಡ ಮನುಷ್ಯರನ್ನು ನಾನು ನೋಡಿದ್ದು ಜೀವಮಾನದಲ್ಲಿ ಇವರೊಬ್ಬರನ್ನೇ. ಗಾಡಿಯವನು ಮೊದಲ ದಿನ ನಕ್ಕ, ಆಮೇಲೆ ಇವರನ್ನು ಕಂಡರೆ ಬೇರೆ ಬೀದಿಗೆ ತಿರುಗಿಸಿಕೊಂಡು ಹೋಗುತ್ತಿದ್ದ.

ಅವರ ಮನೆ ಎದ್ದದ್ದು ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ನಾನು ಆಗಲೇ ಎದುರಿನ ಬಾಡಿಗೆ ಮನೆಯಲ್ಲಿದ್ದೆ, ಗುಬ್ಬಿಯ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಪಾಯದಿಂದ ಹಿಡಿದು ಗೃಹಪ್ರವೇಶದವರೆಗೆ ಎಲ್ಲವೂ ನನ್ನ ಕಣ್ಣೆದುರಿಗೇ ನಡೆಯಿತು. ಸಾಹೇಬರು ಗಾರೆಯವರ ಬೆನ್ನ ಹಿಂದೆ ಟೇಪು ಹಿಡಿದು ನಿಂತಿರುತ್ತಿದ್ದರು. ಅವರ ಹೆಂಡತಿ ಗೌರಕ್ಕ ಕ್ಯೂರಿಂಗಿಗೆ ನೀರು ಹೊಯ್ಯುತ್ತಿದ್ದರು. ಹೊಯ್ದಾದ ಮೇಲೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಹಾಗೆ ನಮಗೆ ಪರಿಚಯ.

ಗೌರಕ್ಕನ ತೌರು ಗುಬ್ಬಿಯ ಕಡೆಯ ಒಂದು ಹಳ್ಳಿ. ಅಲ್ಲಿ ಮನೆ ಮುಂದೆ ಉದ್ದಕ್ಕೆ ಜಗಲಿ. ಬೆಳಿಗ್ಗೆ ಕಾಫಿ ಅಲ್ಲೇ, ಮಧ್ಯಾಹ್ನ ಎಲೆಯಡಿಕೆ ಅಲ್ಲೇ, ಸಂಜೆ ಸೊಪ್ಪು ಬಿಡಿಸುವುದು, ತಲೆ ಬಾಚುವುದು, ಊರಿನ ಸುದ್ದಿ ಎಲ್ಲ ಅಲ್ಲೇ. "ನಂಗೆ ಅಡುಗೆಮನೆ ಹೆಂಗಾನ ಇರ್ಲಿ ಟೀಚರಮ್ಮ, ಕಟ್ಟಿಸೋ ಮನೇಗೆ ಮುಂದೊಂದು ಜಗಲಿ ಹಾಕ್ಸಿ ಅಂತ ಒಂದೇ ಒಂದು ಕೇಳಿವ್ನಿ. ಇಷ್ಟು ವರ್ಷ ಕ್ವಾಟ್ರಸ್ಸಲ್ಲಿ ಉಸಿರು ಕಟ್ಟಿ ಕೂತಿದ್ದೆ" ಎಂದು ನನ್ನ ಹತ್ತಿರ ಹೇಳಿದ್ದರು. ಮಕ್ಕಳಿರಲಿಲ್ಲ. ಒಡವೆ ಕೇಳಿದವರಲ್ಲ, ಸೀರೆ ಕೇಳಿದವರಲ್ಲ. ಕಾಲು ಚಾಚಿ ಕೂತು ಬೀದಿ ನೋಡುವುದಕ್ಕೆ ಒಂದಿಷ್ಟು ಜಾಗ ಕೇಳಿದರು.

ಸಾಹೇಬರು ಜಗಲಿ ಹಾಕಿಸಲಿಲ್ಲ. "ಜಗಲಿ ಅಂದ್ರೆ ಹಳ್ಳಿ. ನಾನು ಸಿಟ್‌ಔಟ್ ಮಾಡಿಸ್ತಾ ಇದೀನಿ" ಎಂದು ನನಗೇ ಹೇಳಿದರು. ಯಾವುದೋ ಇಂಗ್ಲಿಷ್ ಮ್ಯಾಗಜಿನ್ನಿನಲ್ಲಿ ಓದಿದ್ದರಂತೆ. "ಔಟ್‌ಡೋರ್ ಲಿವಿಂಗ್ ಅಂತಾರೆ ಟೀಚರ್. ದಿನದಲ್ಲಿ ಇಷ್ಟು ಹೊತ್ತು ಮನುಷ್ಯ ಮನೆ ಹೊರಗೆ ಬದುಕಬೇಕು. ಆದ್ರೆ ಪ್ಲಾನ್ ಇರಬೇಕು. ಪ್ಲಾನ್ ಇಲ್ದಿದ್ರೆ ಅದು ಬಸ್‌ಸ್ಟ್ಯಾಂಡ್ ಆಗುತ್ತೆ."

ಹನ್ನೆರಡಡಿಗೆ ಎಂಟಡಿ ಸಿಟ್‌ಔಟು. ಕೆಂಪು ಗಾರೆ ನೆಲ, ಮುಖ ಕಾಣುವಷ್ಟು ಪಾಲಿಶ್. ಮುಂದಕ್ಕೆ ಗ್ರಿಲ್ಲು, ಗ್ರಿಲ್ಲಿಗೆ ಬೀಗ. ಒಳಗೆ ನಾಲ್ಕು ಬೆತ್ತದ ಕುರ್ಚಿ, ಒಂದು ದುಂಡು ಟೀಪಾಯಿ, ಅಂಚಿನಲ್ಲಿ ಹನ್ನೊಂದು ಕುಂಡ, ಒಳಗಿನ ಹಾಲ್‌ನ ಕಿಟಕಿಯ ಕೆಳಗೆ ಚಪ್ಪಲಿ ಸ್ಟ್ಯಾಂಡು. ಎಲ್ಲವನ್ನೂ ಜೋಡಿಸಿದ ಮೇಲೆ ಸಾಹೇಬರು ಒಂದು ಪುಟ್ಟ ಡಬ್ಬಿ ಹಳದಿ ಎನಾಮಲ್ ಪೇಂಟು ತಂದರು. ಮಂಡಿಯೂರಿ ಕೂತು, ಕುರ್ಚಿಯ ಒಂದೊಂದು ಕಾಲು ನಿಲ್ಲುವ ಕಡೆಯೂ ನೆಲಕ್ಕೆ ಒಂದೊಂದು ಬೊಟ್ಟು ಇಟ್ಟರು. ನಾಲ್ಕು ಕುರ್ಚಿಗೆ ಹದಿನಾರು, ಟೀಪಾಯಿಗೆ ಮೂರು. ಕುಂಡಗಳಿಗೆ ಬೇರೆ ಸುತ್ತುಗೆರೆ. ಹೊಸ ನೆಲಕ್ಕೆ ಅಮ್ಮ ಎದ್ದ ಹಾಗೆ ಆಯಿತು.

ಅಷ್ಟು ಸಾಲದೆಂದು ಆ ಸಿಟ್‌ಔಟಿನ ನಕ್ಷೆಯನ್ನೇ ಬರೆದು, ಕಟ್ಟು ಹಾಕಿಸಿ, ಹಿಂದಿನ ಗೋಡೆಯ ನಟ್ಟನಡುವೆ ಮೊಳೆ ಹೊಡೆದು ತಗುಲಿಹಾಕಿದರು. ಪೇಪರ್ ಓದುವ ಜಾಗ, ಅತಿಥಿಗಳ ಜಾಗ, ಗಿಡದ ಜಾಗ, ಚಪ್ಪಲಿ ಜಾಗ, ಓಡಾಡುವ ಪ್ಯಾಸೇಜು, ಎಲ್ಲ ಅದರಲ್ಲಿತ್ತು. ದುಂಡಾದ ಅಕ್ಷರ, ನಮ್ಮ ಸ್ಕೂಲಿನ ಹುಡುಗಿಯರಿಗೆ ತೋರಿಸುವ ಹಾಗಿತ್ತು, ಅದರಲ್ಲಿ ಸುಳ್ಳು ಹೇಳುವುದಿಲ್ಲ. ಗೌರಕ್ಕನ ಜಾಗ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ.

ಗೃಹಪ್ರವೇಶ ಮುಗಿದ ವಾರಕ್ಕೆ ನನ್ನನ್ನು ಕರೆದು ಕೂರಿಸಿದರು. ಕುರ್ಚಿಯ ಮೇಲಿನ ಪ್ಲಾಸ್ಟಿಕ್ ಹಾಗೇ ಇತ್ತು. ಏಪ್ರಿಲ್ ಬಿಸಿಲಿಗೆ ಅದು ಸೀರೆಗೆ ಅಂಟಿಕೊಂಡಿತು. ನಾನು ಸ್ವಲ್ಪ ಹಿಂದಕ್ಕೆ ಸರಿದೆ. ಕುರ್ಚಿಯೂ ಸರಿಯಿತು. ಸಾಹೇಬರ ಕಣ್ಣು ನನ್ನ ಮುಖ ಬಿಟ್ಟು ಕುರ್ಚಿಯ ಕಾಲಿಗೆ ಹೋಯಿತು. "ಟೀಚರ್, ಒಂದು ನಿಮಿಷ ಏಳ್ತೀರಾ" ಎಂದರು. ಎದ್ದೆ. ಅವರು ಬಗ್ಗಿ ನಾಲ್ಕು ಕಾಲನ್ನೂ ಚುಕ್ಕೆಗೆ ಕೂರಿಸಿ, "ಈಗ ಕೂತ್ಕೊಳಿ" ಎಂದರು. ಕಾಫಿ ಮುಗಿಯುವಷ್ಟರಲ್ಲಿ ಮೂರು ಸಲ ಹಾಗೆ ಎದ್ದು ಕೂತೆ. ಡ್ರಿಲ್ ಪೀರಿಯಡ್ಡಿನಲ್ಲೂ ನಾನು ಅಷ್ಟು ಬಸ್ಕಿ ಹೊಡೆಸಿದವಳಲ್ಲ. ಆಮೇಲೆ ಆ ಕುರ್ಚಿಯಲ್ಲಿ ನಾನು ಕೂರಲಿಲ್ಲ, ಬೇರೆ ಯಾರೂ ಕೂತದ್ದನ್ನೂ ನೋಡಲಿಲ್ಲ. ಸಾಹೇಬರು ಮಾತ್ರ ಬೆಳಿಗ್ಗೆ ಆರೂವರೆಯಿಂದ ಏಳರವರೆಗೆ ಪೇಪರ್ ಓದುವ ಜಾಗದಲ್ಲಿ ಕೂತು ಪೇಪರ್ ಓದುತ್ತಿದ್ದರು. ಏಳಕ್ಕೆ ಎದ್ದು, ಪ್ಲಾಸ್ಟಿಕ್ಕನ್ನು ಒರೆಸಿ, ಗ್ರಿಲ್ಲಿಗೆ ಬೀಗ ಹಾಕುತ್ತಿದ್ದರು. ಔಟ್‌ಡೋರ್ ಲಿವಿಂಗ್ ಅಲ್ಲಿಗೆ ಮುಗಿಯಿತು.

ಗೌರಕ್ಕನ ಅಣ್ಣ ಒಂದು ಸಲ ಊರಿನಿಂದ ಹಲಸಿನ ಹಣ್ಣು ಹೊತ್ತುಕೊಂಡು ಬಂದರು. ಗುಬ್ಬಿ ಕಡೆಯ ಹಲಸು ಹೇಗಿರುತ್ತದೆಂದು ನಾನು ಹೇಳಬೇಕಾಗಿಲ್ಲ. ಬಸ್ಸಿನ ಟಾಪಿನ ಮೇಲೆ ಹಾಕಿಕೊಂಡು ಬಂದು, ಸ್ಟ್ಯಾಂಡಿನಿಂದ ಹೆಗಲ ಮೇಲೆ ತಂದಿದ್ದರು. ಸಿಟ್‌ಔಟಿನ ನೆಲದ ಮೇಲೆ ಇಳಿಸಿ, ಚಕ್ಕಂಬಕ್ಕಳ ಹಾಕಿ ಕೂತು, "ಗೌರಿ, ಕುಡ್ಲು ತಗಂಬಾರವ್ವ, ವಸಿ ಎಣ್ಣೆ ತಾ" ಎಂದರು.

ಸಾಹೇಬರು ಒಳಗಿನಿಂದ ಬಂದರು. "ಅಲ್ಲಿ ಬೇಡ ಭಾವ. ಮೇಣ ಬಿದ್ರೆ ಹೋಗಲ್ಲ."

"ಪೇಪರ್ ಹಾಸ್ಕೊತೀನಿ ಕಣ್ ಭಾವ."

"ಪೇಪರಿಗೂ ಅಂಟುತ್ತೆ, ನೆಲಕ್ಕೂ ಇಳಿಯುತ್ತೆ. ಗೇಟಿಂದಾಚೆ ಕುಯ್ಕೊಳಿ. ಅಲ್ಲಿ ನೆರಳಿದೆ."

ಆ ಮನುಷ್ಯ ಹಣ್ಣನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ರಸ್ತೆ ದಾಟಿ ನಮ್ಮ ಮೆಟ್ಟಿಲಿಗೆ ಬಂದರು. ನಾನು ಈಳಿಗೆಮಣೆಯನ್ನೂ ಎಣ್ಣೆಯನ್ನೂ ಕೊಟ್ಟೆ. ಬೀದಿಯವರೆಲ್ಲ ಸೇರಿ ತೊಳೆ ಬಿಡಿಸಿ ತಿಂದೆವು. ಗೌರಕ್ಕ ನಗುತ್ತಾ ಎಲ್ಲರಿಗೂ ಹಂಚಿದರು, ತಾವು ಒಂದನ್ನೂ ಬಾಯಿಗಿಟ್ಟುಕೊಳ್ಳಲಿಲ್ಲ. ಅಣ್ಣ ಹೊರಡುವಾಗ "ಬತ್ತೀನಿ ಕಣವ್ವ" ಎಂದು ರಸ್ತೆಯಲ್ಲೇ ಹೇಳಿ ಹೋದರು, ಆಮೇಲೆ ವರ್ಷಗಟ್ಟಲೆ ಆ ಮನೆಯ ಗೇಟು ದಾಟಿ ಬರಲಿಲ್ಲ. ನಮ್ಮ ಮೆಟ್ಟಿಲಿನ ಮೇಣವನ್ನು ನಾನು ಸೀಮೆಎಣ್ಣೆ ಹಾಕಿ ಉಜ್ಜಿದೆ. ಹೋಯಿತು. ಹೋಗುತ್ತದೆ ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಆಮೇಲೆ ಗೌರಕ್ಕನಿಗೆ ನಮ್ಮ ಮೆಟ್ಟಿಲೇ ಜಗಲಿಯಾಯಿತು. ನಾನು ಗುಬ್ಬಿಯಿಂದ ಬಂದು ಕಾಲು ತೊಳೆಯುವ ಹೊತ್ತಿಗೆ ಮೊರ ಹಿಡಿದು ಬಂದು ಕೂತಿರುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಇಡೀ ಡಿಸೆಂಬರ್, ಜನವರಿ ಅಲ್ಲೇ. ನಾವಿಬ್ಬರೂ ಕಾಯಿ ಸುಲಿದು, ನೆನೆಸಿದ್ದ ಕಾಳು ಹಿತುಕಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿ ಕಳಿಸುತ್ತಿದ್ದೆವು. ಗೌರಕ್ಕ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ಚಾಚಿ, ಅದರ ಮೇಲೆ ಮೊರ ಇಟ್ಟುಕೊಂಡು ಕೂರುವುದು ನೋಡಬೇಕು. ಮುಖವೇ ಬೇರೆ ಆಗುತ್ತಿತ್ತು. ರಸ್ತೆಯ ಆಚೆ ಬೀಗ ಹಾಕಿದ ಗ್ರಿಲ್ಲಿನೊಳಗೆ ನಾಲ್ಕು ಖಾಲಿ ಕುರ್ಚಿ ನಮ್ಮನ್ನೇ ನೋಡುತ್ತಿದ್ದವು. "ಅವು ಆರಾಮಾಗಿ ಕೂತವೆ ನೋಡಿ ಟೀಚರಮ್ಮ" ಎಂದು ಗೌರಕ್ಕ ಒಂದು ದಿನ ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಹೀಗೇ ಇದ್ದಿದ್ದರೆ ನಾನು ಇಷ್ಟು ಕಹಿಯಾಗಿ ಬರೆಯುತ್ತಿರಲಿಲ್ಲ. ಎರಡು ಸಾವಿರದ ಈಚೆಗೆ ಗೌರಕ್ಕನ ಮಂಡಿ ಹೋಯಿತು. ಎರಡೂ ಮಂಡಿ ಊದಿಕೊಂಡು, ರಸ್ತೆ ದಾಟುವುದಕ್ಕೆ, ನಮ್ಮ ಮೂರು ಮೆಟ್ಟಿಲು ಹತ್ತುವುದಕ್ಕೆ ಆಗದಾಯಿತು. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನೀರು ತುಂಬಿ ಸಂಜೆಗೆ ಕಂಬದ ಹಾಗೆ ಆಗುತ್ತಿತ್ತು. ನೆಲದ ಮೇಲೆ ಕಾಲು ಚಾಚಿಯೇ ಕೂರಬೇಕು. ಆಗ ಅವರು ಗಂಡನನ್ನು ಎರಡನೇ ಸಲ ಕೇಳಿದರು. ನಾನು ಅಲ್ಲೇ ಇದ್ದೆ, ಮುಲಾಮು ತಂದುಕೊಡಲು ಹೋಗಿದ್ದೆ.

"ರೀ, ಸಿಟ್‌ಔಟಲ್ಲಿ ಆ ಗೋಡೆ ತಾವ ನಂಗೊಂದು ಚಾಪೆ ಹಾಕ್ಕೊಡಿ. ಸಂಜೆ ಒಂದ್ ಗಳಿಗೆ ಕೂತಿದ್ದು ಒಳೀಕೆ ಬತ್ತೀನಿ."

ಸಾಹೇಬರು ಆಗುವುದಿಲ್ಲ ಎನ್ನಲಿಲ್ಲ. ಅವರು ಯಾವುದಕ್ಕೂ ಹಾಗೆ ಎಂದವರಲ್ಲ. "ನೋಡ್ತೀನಿ" ಎಂದರು. ಮೂರು ದಿನ ಟೇಪು ಹಿಡಿದು ಅಳೆದರು. ಮನೆಯಲ್ಲಿ ಗೌರಕ್ಕನ ಕಾಲಿನ ಉದ್ದವನ್ನೂ ಅಳೆದರಂತೆ, ಚಾಚಿಸಿ. ನಾಲ್ಕನೆಯ ದಿನ ನಾನು ಗೇಟಿನ ಹತ್ತಿರ ಸಿಕ್ಕಾಗ ಅವರೇ ಹೇಳಿದರು: "ಕೂತರೆ ಕಾಲು ಪ್ಯಾಸೇಜಿಗೆ ಬರುತ್ತೆ ಟೀಚರ್. ಎರಡೂವರೆ ಅಡಿ ಬ್ಲಾಕ್ ಆಗುತ್ತೆ. ಓಡಾಡೋರಿಗೆ ತೊಂದ್ರೆ."

"ಯಾರು ಓಡಾಡ್ತಾರೆ ಸಾರ್ ಅಲ್ಲಿ?" ಎಂದು ಕೇಳಿದೆ.

"ಓಡಾಡ್ತಾರೋ ಇಲ್ವೋ ಅದು ಬೇರೆ. ಪ್ಯಾಸೇಜು ಪ್ಯಾಸೇಜೇ. ಒಂದಕ್ಕೆ ಬಿಟ್ರೆ ಎಲ್ಲಕ್ಕೂ ಬಿಡಬೇಕಾಗುತ್ತೆ."

"ಒಂದು ಕುರ್ಚಿ ತೆಗೆದಿಟ್ರೆ ಆಯ್ತಲ್ಲ."

ಅವರು ನನ್ನನ್ನು ಪಾಪ ಎನ್ನುವ ಹಾಗೆ ನೋಡಿದರು. ಲೆಕ್ಕ ಬಾರದ ಹುಡುಗಿಯನ್ನು ನಮ್ಮ ಗಣಿತದ ಮೇಷ್ಟ್ರು ನೋಡುತ್ತಿದ್ದುದು ಹಾಗೆ. "ಕುರ್ಚಿ ಎಲ್ಲಿಗೆ ಹೋಗುತ್ತೆ? ಅದಕ್ಕೆ ಜಾಗ ಇರೋದು ಅಲ್ಲೇ" ಎಂದರು.

ಗೌರಕ್ಕ ಹಾಲ್‌ನ ಕಿಟಕಿಯ ಒಳಗೆ ಒಂದು ದಿವಾನದ ಮೇಲೆ ಕಾಲು ಚಾಚಿ ಕೂರತೊಡಗಿದರು. ಅಲ್ಲಿಂದ ಮೊದಲು ಸಿಟ್‌ಔಟು ಕಾಣುತ್ತದೆ, ಅದರ ಗ್ರಿಲ್ಲಿನಾಚೆ ಗೇಟು, ಅದರಾಚೆ ರಸ್ತೆ. "ಬಸ್ಸು ಲೇಟಾ ಟೀಚರಮ್ಮ?" ಎಂದು ಅಷ್ಟು ದೂರದಿಂದ ಕೂಗುತ್ತಿದ್ದರು. ನಾನು ರಸ್ತೆಯಲ್ಲಿ ನಿಂತು ಉತ್ತರ ಕೂಗುತ್ತಿದ್ದೆ. ಮೊದಮೊದಲು ಒಳಗೆ ಹೋಗಿ ಅವರ ಜೊತೆ ಅವರೆಕಾಯಿ ಸುಲಿದು ಬರುತ್ತಿದ್ದೆ. ಆಮೇಲೆ ಪೇಪರ್ ವ್ಯಾಲ್ಯುಯೇಷನ್ನು, ಮಗಳ ಪಿಯುಸಿ, ಅದೂ ಇದೂ. ಸಾಹೇಬರ ಮೇಲೆ ಎಷ್ಟು ಉರಿದುಕೊಂಡರೂ ಒಂದು ಮಾತು ಒಪ್ಪಿಕೊಳ್ಳಬೇಕು. ಒಂದು ಬೆತ್ತದ ಕುರ್ಚಿಯನ್ನು ಎತ್ತಿ ಪಕ್ಕಕ್ಕೆ ಇಟ್ಟು, ಒಂದು ಚಾಪೆ ಹಾಸಿ, "ಬನ್ನಿ ಗೌರಕ್ಕ" ಎನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನೂ ಇಡಲಿಲ್ಲ. ಬೇರೆಯವರ ಮನೆ ಎಂದು ಸುಮ್ಮನಿದ್ದೆ.

ಎರಡು ವರ್ಷ ಹಾಗೆ ಕೂತಿದ್ದು ಗೌರಕ್ಕ ಒಂದು ಬೆಳಿಗ್ಗೆ ಏಳಲಿಲ್ಲ.

ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಮನೆಯ ಮುಂಭಾಗದಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ತಲೆ ಬಾಗದ ಹಾಗೆ ಮೇಲಿನ ಮೊಳೆಗೆ ಬಟ್ಟೆ ಕಟ್ಟುತ್ತೇವೆ. ಮಣ್ಣಿಗೂ ಕೂತೇ ಹೋಗುವುದು. ಗೌರಕ್ಕನ ಅಣ್ಣ ಸುದ್ದಿ ತಿಳಿದು ಊರಿನಿಂದ ಜೀಪು ಮಾಡಿಕೊಂಡು ಬಂದವರು ಯಾರನ್ನೂ ಕೇಳಲಿಲ್ಲ. ಗ್ರಿಲ್ಲಿನ ಬೀಗ ತೆಗೆಸಿ, ನಾಲ್ಕೂ ಕುರ್ಚಿಗಳನ್ನು ಒಂದೊಂದಾಗಿ ಎತ್ತಿ ರಸ್ತೆಯ ಬದಿಗೆ ಇಟ್ಟರು. ಗೋಡೆಯ ಮೇಲಿನ ನಕ್ಷೆಯನ್ನು ಇಳಿಸಿದರು. ಅದೇ ಮೊಳೆಗೆ ಬಟ್ಟೆ ಕಟ್ಟಿ ತಂಗಿಯನ್ನು ಕೂರಿಸಿದರು. ಊರಿನವರೂ ಬೀದಿಯವರೂ ಆ ಕೆಂಪು ನೆಲದ ಮೇಲೆ ಎಲ್ಲೆಂದರಲ್ಲಿ ಕೂತರು. ಭಜನೆಯವರು ಬಂದರು. ನೆಲವೆಲ್ಲ ವಿಭೂತಿ, ನೀರು, ಹೂವು. ಆ ಸಿಟ್‌ಔಟು ಕಟ್ಟಿ ಹತ್ತು ವರ್ಷದ ಮೇಲೆ ಮೊದಲ ಸಲ ಅದರಲ್ಲಿ ಜನ ಇದ್ದರು, ಗೌರಕ್ಕ ಗೋಡೆಗೆ ಬೆನ್ನು ಕೊಟ್ಟು ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಸಾಹೇಬರು ಬಾಗಿಲಲ್ಲಿ ನಿಂತಿದ್ದರು. ಬಹಳ ಹೊತ್ತು ಹೆಂಡತಿಯನ್ನು ನೋಡಿದರು. ಈಗಲಾದರೂ ಒಂದು ಮಾತು ಆಡುತ್ತಾರೆ ಎಂದುಕೊಂಡೆ. ಆಡಿದರು.

"ಎರಡು ಇಂಚು ಎಡಕ್ಕೆ ಕೂರಿಸಿ. ಸೆಂಟರ್‌ಗೆ ಬಂದಿಲ್ಲ."

ಗೌರಕ್ಕನ ಅಣ್ಣ, "ಇರ್ಲಿ ಬುಡಿ ಭಾವ" ಎಂದರು. ಸರಿಸಲಿಲ್ಲ.

ಕ್ರಿಯೆಗಳೆಲ್ಲ ಮುಗಿದ ಮೇಲೆ ಕುರ್ಚಿಗಳು ಒಳಗೆ ಬಂದವು, ನಕ್ಷೆ ಮೊಳೆಗೆ ಹೋಯಿತು. ಒಂದು ಬೆಳಿಗ್ಗೆ ಬಸ್ಸಿಗೆ ಹೊರಟಾಗ ಸಾಹೇಬರು ಮಂಡಿಯೂರಿ ಕೂತಿದ್ದು ಕಂಡಿತು. ಪಕ್ಕದಲ್ಲಿ ಹಳದಿ ಡಬ್ಬಿ. ಗೋಡೆಯ ಬುಡದಲ್ಲಿ, ಗೌರಕ್ಕನ ಮಡಿಸಿದ ಎರಡು ಮಂಡಿ ಇದ್ದ ಕಡೆ, ಎರಡು ಹೊಸ ಬೊಟ್ಟು ಇಟ್ಟಿದ್ದರು. ಅದಕ್ಕೆ ದಾರಿ ಬಿಡಲು ಅತಿಥಿಗಳ ಒಂದು ಕುರ್ಚಿಯನ್ನು ತೆಗೆದು ಒಳಗೆ ಹಾಕಿದ್ದರು. ಆ ಕುರ್ಚಿಗೆ ಎಲ್ಲೋ ಜಾಗ ಸಿಕ್ಕಿತ್ತು ಎಂದಾಯಿತು.

ಪಕ್ಕದ ಮನೆಯಾಕೆ ಇದನ್ನು ನೋಡಿ, "ಎಷ್ಟು ಪ್ರೀತಿ ಇತ್ತು ನೋಡಿ ಒಳಗೆ" ಎಂದು ಕಣ್ಣು ಒರೆಸಿಕೊಂಡರು. ಇತ್ತೋ ಏನೋ. ನಾನು ಇಲ್ಲವೆನ್ನುವುದಿಲ್ಲ. ಸಾಹೇಬರು ಆಮೇಲೆ ಪೇಪರ್ ಓದುವಾಗ ನಡುನಡುವೆ ಆ ಬೊಟ್ಟುಗಳ ಕಡೆ ನೋಡುತ್ತಿದ್ದುದನ್ನೂ ಕಂಡಿದ್ದೇನೆ. ಆದರೆ ಬದುಕಿದ್ದವಳಿಗೆ ಎರಡೂವರೆ ಅಡಿ ಕೊಡದೆ, ಸತ್ತ ಮೇಲೆ ಎರಡು ಬೊಟ್ಟು ಪೇಂಟು ಕೊಟ್ಟ ಪ್ರೀತಿಯನ್ನು ಏನು ಮಾಡಬೇಕೆಂದು ನನಗೆ ತಿಳಿಯದು. ನನ್ನ ಹೊಟ್ಟೆ ಅದರಿಂದ ತಣ್ಣಗಾಗಲಿಲ್ಲ.

ಮತ್ತೆ ನಾಲ್ಕೈದು ವರ್ಷ ಒಬ್ಬರೇ ಇದ್ದರು. ಈ ತಿಂಗಳು ಹೋದರು. ಕುಣಿಗಲ್‌ನಿಂದ ತಮ್ಮನ ಮಕ್ಕಳು ಬಂದು ಸ್ನಾನ ಮಾಡಿಸಿ ಹೊರಗೆ ತಂದರು. ನನಗೆ ಪುಸ್ತಕಕ್ಕೆ ಬರೆಯಲು ಹೇಳಿದ ಹುಡುಗನೇ ಮುಂದಾಳು. ಗೋಡೆಯ ಬುಡದ ಎರಡು ಬೊಟ್ಟು ನೋಡಿ ಅವನ ಕಣ್ಣು ಅರಳಿತು.

"ನೋಡಿದ್ರಾ, ದೊಡ್ಡಪ್ಪ ತಮ್ಮ ಜಾಗಾನೂ ಮಾರ್ಕ್ ಮಾಡಿಟ್ಟು ಹೋಗವ್ರೆ. ಇಲ್ಲೇ ಕೂರ್ಸಿ. ಕರೆಕ್ಟಾಗಿ ಆ ಚುಕ್ಕೆ ಮೇಲೆ."

ಅಲ್ಲಿದ್ದವರೆಲ್ಲ ತಲೆದೂಗಿದರು. ಎಂಥ ಪ್ಲಾನು, ಎಂಥ ಶಿಸ್ತು ಎಂದರು. ನಾಲ್ಕು ಜನ ಹೆಣವನ್ನು ಎತ್ತಿ ಹಿಡಿದು ಬಗ್ಗುತ್ತಿದ್ದರು. ನಾನು ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದೆ. ಬೇರೆಯವರ ಮನೆ ಎಂದು ಒಮ್ಮೆ ಸುಮ್ಮನಿದ್ದು ಸಾಕಾಗಿತ್ತು.

"ಅಲ್ಲಿ ಬೇಡಪ್ಪ. ಅದು ಗೌರಕ್ಕನ ಜಾಗ."

ಹುಡುಗ ತಿರುಗಿ ನೋಡಿದ. "ದೊಡ್ಡಮ್ಮಂದಾ? ಮತ್ತೆ ಇವರನ್ನ ಎಲ್ಲಿ ಕೂರ್ಸೋದು ಟೀಚರ್?"

"ಕಿಟಕಿ ಕೆಳಗೆ ಕೂರಿಸಿ. ಕಿಟಕಿ ಸರಳಿಗೆ ಬಟ್ಟೆ ಕಟ್ಟಬಹುದು."

"ಅಲ್ಲಿ ಚಪ್ಪಲಿ ಸ್ಟ್ಯಾಂಡ್ ಇದೆಯಲ್ಲ?"

"ಸರಿಸಿದ್ರೆ ಆಯ್ತು. ಸರಿಯುತ್ತೆ ಅದು" ಎಂದೆ.

ಸರಿಸಿದರು. ಸಾಹೇಬರನ್ನು ಸಿಟ್‌ಔಟಿನ ಮೂಲೆಗೆ, ಸೆಂಟರಿಗೆ ನಾಲ್ಕಡಿ ತಪ್ಪಿಸಿ ಕೂರಿಸಿದರು. ಜನ ಬರತೊಡಗಿದರು. ನಾನು ಹೋಗಿ ಗೌರಕ್ಕನ ಎರಡು ಬೊಟ್ಟುಗಳ ನಡುವೆ ಗೋಡೆಗೆ ಬೆನ್ನು ಕೊಟ್ಟು ಕೂತು, ಎರಡೂ ಕಾಲನ್ನು ಉದ್ದಕ್ಕೆ ಚಾಚಿದೆ. ಪ್ಯಾಸೇಜು ಪೂರ್ತಿ ಬ್ಲಾಕ್ ಆಯಿತು. ಹಾರ ತಂದವರೆಲ್ಲ ನನ್ನ ಕಾಲನ್ನು ಬಳಸಿಕೊಂಡು ಅವರ ಹತ್ತಿರ ಹೋದರು.